ಎರಡೂವರೆ ಇಂಚು ಹಿಮ, ಒಂದು ನಗರ, ಹಲವು ಗಡಿಗಳು: ಅಟ್ಲಾಂಟಾ 2014

ಈ ಗೋಷ್ಠಿಯಲ್ಲಿ ನನಗಿಂತ ಮುಂಚೆ ಮಾತಾಡಿದ ಗೆಳೆಯರು ಕಾಸರಗೋಡಿನ ಶಾಲೆಗಳ ಬಗ್ಗೆ, ಅಕ್ಕಲಕೋಟೆ ಮತ್ತು ಜತ್ತದ ಹಳ್ಳಿಗಳ ಬಗ್ಗೆ, ಮಡಕಶಿರಾ ಕಡೆಯ ಮಾತಿನ ಬಗ್ಗೆ ಹೇಳಿದರು. ನಾನು ತಾಳವಾಡಿಯವಳು, ತಮಿಳುನಾಡಿನ ಈರೋಡು ಜಿಲ್ಲೆ. ನಾನು ಇವತ್ತು ಮಾತಾಡೋದು ಅಮೆರಿಕದ ಅಟ್ಲಾಂಟಾ ನಗರದಲ್ಲಿ 2014ರ ಜನವರಿ 28ರಂದು ಬಿದ್ದ ಹಿಮದ ಬಗ್ಗೆ. ವಿಷಯ ತಿಳಿಸಿದಾಗ ನಮ್ಮ ಮೇಷ್ಟ್ರು "ಇದು ಗಡಿನಾಡ ಗೋಷ್ಠಿ ಕಣಮ್ಮಾ" ಅಂತ ನಕ್ಕರು. ನಾನೂ ನಕ್ಕೆ, ಆದರೆ ವಿಷಯ ಬದಲಾಯಿಸಲಿಲ್ಲ. ಆ ದಿನದ ಕತೆಯನ್ನ ಹಿಡಿದು ಹಿಂದಕ್ಕೆ ಹೋದರೆ ಅದು ಕೊನೆಗೆ ಬಂದು ನಿಲ್ಲೋದು ಗಡಿಯ ಹತ್ತಿರವೇ.

ಈ ಕತೆ ನನಗೆ ಮೊದಲು ಬಂದದ್ದು ಪುಸ್ತಕದಿಂದಲ್ಲ, ಫೋನಿನಿಂದ. ನನ್ನ ದೊಡ್ಡಪ್ಪನ ಮಗ ಆಗ ಅಟ್ಲಾಂಟಾ ನಗರದ ನಡುಭಾಗದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಮನೆ ಇದ್ದದ್ದು ವಾಯವ್ಯಕ್ಕೆ ಮೂವತ್ತು ಕಿಲೋಮೀಟರ್ ಚಿಲ್ಲರೆ ದೂರದ ಮರಿಯೆಟ್ಟಾದಲ್ಲಿ. ದಿನಾ ಮುಕ್ಕಾಲು ಗಂಟೆ ದಾರಿ. ಆ ಮಂಗಳವಾರ ಮಧ್ಯಾಹ್ನ ಒಂದೂವರೆಗೆ ಕಚೇರಿ ಬಿಟ್ಟವನು ಮನೆ ಮುಟ್ಟಿದ್ದು ಮಾರನೇ ದಿನ ಬೆಳಗ್ಗೆ ಆರರ ಮೇಲೆ. ಕೊನೆಯ ನಾಲ್ಕು ಕಿಲೋಮೀಟರ್ ಕಾರು ರಸ್ತೆ ಪಕ್ಕಕ್ಕೆ ಬಿಟ್ಟು ನಡೆದ. ಒಂದನೇ ಕ್ಲಾಸಿನಲ್ಲಿದ್ದ ಅವನ ಮಗಳು ರಾತ್ರಿ ಶಾಲೆಯಲ್ಲೇ, ಟೀಚರ್ ಜೊತೆ ಮಲಗಿದ್ದಳು.

ನಾನಾಗ ಎಂಟನೇ ಕ್ಲಾಸು. ಅಣ್ಣ ಫೋನ್ ಮಾಡಿದಾಗ ಅಜ್ಜಿಗೆ ಸ್ಪೀಕರ್ ಹಾಕಿಕೊಟ್ಟದ್ದು ನಾನೇ. ಆದದ್ದನ್ನ ಅಜ್ಜಿಗೆ ಹೇಳೋದು ಅವನಿಗೆ ಸುಲಭವಾಗಲಿಲ್ಲ. ನಮ್ಮ ಕಡೆ ಮಂಜು ಅಂದರೆ ದಿಂಬಂ ಮೇಲೆ ಬೆಳಗ್ಗೆ ಕವಿಯೋದು, ಆಲಿಕಲ್ಲು ಅಂದರೆ ಬೇಸಿಗೆ ಮಳೆಯಲ್ಲಿ ತಗಡಿನ ಮೇಲೆ ಉದುರೋದು. ಹಿಮ ಪುಸ್ತಕದ ಮಾತು. ರಸ್ತೆಗೆ ಅಂಟಿಕೊಂಡು, ಕಣ್ಣಿಗೂ ಸರಿಯಾಗಿ ಕಾಣದೆ, ಚಕ್ರವನ್ನ ಜಾರಿಸೋ ನೀರಿಗೆ ನಮ್ಮಲ್ಲಿ ಹೆಸರಿಲ್ಲ. "ರೋಡ್ ತುಂಬಾ ಗಾಜು ಹಾಸಿದಂಗೆ ಅವ್ವ" ಅಂದ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಲ್ಲೂ ಗಾಟಿ ಅದಾ ಮಗಾ?" ಅಣ್ಣ ನಕ್ಕುಬಿಟ್ಟ. "ಗಾಟಿ ಇಲ್ಲ ಅವ್ವ, ನೆಟ್ಟಗಿನ ರೋಡು. ಒಂದೊಂದು ಕಡೆಗೇ ಆರಾರು ಸಾಲು ಗಾಡಿ ಹೋಯ್ತದೆ." ಘಾಟಿ ಇಲ್ಲದ ಕಡೆ ಅಷ್ಟು ಗಾಡಿ ಒಟ್ಟಿಗೆ ಯಾಕೆ ಸಿಕ್ಕಿಕೊಂಡವು ಅನ್ನೋದು ಅಜ್ಜಿಗೆ ಅರ್ಥವಾಗಲಿಲ್ಲ. ನನಗೂ ಆಗಿರಲಿಲ್ಲ. ಈ ಪ್ರಬಂಧ ಆ ಪ್ರಶ್ನೆಗೆ ತಡವಾಗಿ ಹುಡುಕಿದ ಉತ್ತರ.

ಮೊದಲು ಆ ದಿನ ಏನಾಯ್ತು ನೋಡೋಣ. ಅಟ್ಲಾಂಟಾ ಅಮೆರಿಕದ ದಕ್ಷಿಣದ ಊರು. ಜನವರಿಯಲ್ಲೂ ಹಗಲಿನ ಉಷ್ಣತೆ ಸಾಮಾನ್ಯವಾಗಿ ಹತ್ತು ಹನ್ನೊಂದು ಡಿಗ್ರಿ ಸೆಲ್ಸಿಯಸ್ ಇರುತ್ತೆ. ಹಿಮ ಬೀಳೋದು ಅಪರೂಪ, ಬಿದ್ದರೂ ಬೇಗ ಕರಗುತ್ತೆ. 2014ರ ಆ ವಾರ ಸೋಮವಾರದವರೆಗೂ ಹೆಚ್ಚಿನ ಹಿಮ ನಗರದಿಂದ ದಕ್ಷಿಣಕ್ಕೆ ಬೀಳುತ್ತೆ ಅನ್ನೋ ಅಂದಾಜು ಇತ್ತು. ಮಂಗಳವಾರ ನಸುಕಿನಲ್ಲಿ ರಾಷ್ಟ್ರೀಯ ಹವಾಮಾನ ಸೇವೆ ನಗರಕ್ಕೂ ಸೇರಿಸಿ ಎಚ್ಚರಿಕೆಯ ಮಟ್ಟ ಏರಿಸಿತು. ಅಷ್ಟರಲ್ಲಿ ಊರು ಏಳೋ ಹೊತ್ತಾಗಿತ್ತು. ಶಾಲೆಗಳು ತೆರೆದವು, ಕಚೇರಿಗಳು ತೆರೆದವು. ಮಧ್ಯಾಹ್ನದ ಹೊತ್ತಿಗೆ ಹಿಮ ಉದುರೋಕೆ ಶುರುವಾದಾಗ ಶಾಲೆ, ಸರ್ಕಾರಿ ಕಚೇರಿ, ಕಂಪನಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಜನರನ್ನ ಮನೆಗೆ ಕಳಿಸಿದವು. ದಿನಾ ಸಂಜೆ ಮೂರ್ನಾಲ್ಕು ಗಂಟೆ ಹಂಚಿಕೊಂಡು ಹೊರಡೋ ವಾಹನಗಳೆಲ್ಲ ಆವತ್ತು ಒಟ್ಟಿಗೆ ರಸ್ತೆಗೆ ಬಂದವು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಆ ದಿನ ಆಕಾಶದಿಂದ ಬಿದ್ದದ್ದು ಹಿಮ, ಅದೂ ಎರಡೂವರೆ ಇಂಚಿನ ಆಸುಪಾಸು. ನಿಜವಾದ ಐಸ್ ಸ್ಟಾರ್ಮ್ ಬೇರೆ. ಅದರಲ್ಲಿ ಮೇಲಿನ ಬೆಚ್ಚನೆಯ ಗಾಳಿಯಲ್ಲಿ ಕರಗಿದ ಮಳೆ, ನೆಲದ ಹತ್ತಿರದ ತೆಳುವಾದ ಕೊರೆಯುವ ಗಾಳಿಯಲ್ಲಿ ಹಾದು ಬಂದು, ತಾಗಿದಲ್ಲೇ ಗಡ್ಡೆ ಕಟ್ಟುತ್ತೆ. ಜನವರಿ 28ರಂದು ಹಾಗಾಗಲಿಲ್ಲ. ಬಿದ್ದ ಹಿಮವನ್ನ ಸಾಲುಗಟ್ಟಿ ತೆವಳುತ್ತಿದ್ದ ಟೈರುಗಳು ಒತ್ತಿ ಕರಗಿಸಿದವು. ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿಯುತ್ತಾ ಇದ್ದದ್ದರಿಂದ ಆ ನೀರು ಮತ್ತೆ ಗಟ್ಟಿಯಾಯ್ತು. ಅಂದರೆ ರಸ್ತೆ ಮೇಲಿನ ಗಡ್ಡೆಯನ್ನ ತಯಾರಿಸಿದ್ದು ವಾಹನಗಳ ಗುಂಪೇ. ಮೇಲಾಗಿ ಉಪ್ಪು, ಜಲ್ಲಿ ಹಾಕೋ ಲಾರಿಗಳೂ ಅದೇ ಸಾಲಿನಲ್ಲಿ ಸಿಕ್ಕಿಕೊಂಡವು. ಉಪ್ಪು ಹಾಕದೆ ಸಾಲು ಕದಲೋ ಹಾಗಿಲ್ಲ, ಸಾಲು ಕದಲದೆ ಉಪ್ಪಿನ ಲಾರಿ ಬರೋ ಹಾಗಿಲ್ಲ.

ಸಂಜೆಯ ಹೊತ್ತಿಗೆ ಊರನ್ನ ಸುತ್ತುವರಿಯೋ ಐ-285 ವರ್ತುಲ ಹೆದ್ದಾರಿಯಲ್ಲಿ ದೊಡ್ಡ ಟ್ರೇಲರ್ ಲಾರಿಗಳು ಅಡ್ಡ ತಿರುಗಿ ನಿಂತವು. ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಅಪಘಾತಗಳು ವರದಿಯಾದವು. ಸಾವಿರಾರು ಮಕ್ಕಳು ರಾತ್ರಿ ಶಾಲೆಗಳಲ್ಲೇ ಕಳೆದರು, ಕೆಲವರು ಶಾಲಾ ಬಸ್ಸಿನಲ್ಲೇ ಗಂಟೆಗಟ್ಟಲೆ ಕೂತರು. ಹೋಮ್ ಡಿಪೋದಂಥ ಅಂಗಡಿಗಳು ಬಾಗಿಲು ತೆರೆದಿಟ್ಟು ಜನರನ್ನ ಮಲಗಿಸಿಕೊಂಡವು. ಐ-285ರ ಮೇಲೆ ನಿಂತಿದ್ದ ಒಂದು ಕಾರಿನಲ್ಲೇ, ಪೊಲೀಸ್ ಅಧಿಕಾರಿಯೊಬ್ಬರ ನೆರವಿನಿಂದ, ಹೆಣ್ಣುಮಗು ಹುಟ್ಟಿತು. ಫೇಸ್‌ಬುಕ್ಕಿನಲ್ಲಿ ಒಂದು ಗುಂಪು ಹುಟ್ಟಿಕೊಂಡು, ಯಾವ ರಸ್ತೆಯಲ್ಲಿ ಯಾರು ಸಿಕ್ಕಿದ್ದಾರೆ, ಹತ್ತಿರದಲ್ಲಿ ಯಾರ ಮನೆ ಇದೆ ಅಂತ ಹತ್ತಾರು ಸಾವಿರ ಜನ ರಾತ್ರಿಯಿಡೀ ಹುಡುಕಿಕೊಟ್ಟರು. ಅಣ್ಣನಿಗೂ ಯಾರೋ ಗುರುತಿಲ್ಲದ ಮುದುಕರು ರಾತ್ರಿ ಎರಡು ಗಂಟೆಗೆ ಫ್ಲಾಸ್ಕಿನಲ್ಲಿ ಬಿಸಿ ಕಾಫಿ ತಂದುಕೊಟ್ಟರಂತೆ. ಇವತ್ತಿಗೂ ಅವನು ಆ ರಾತ್ರಿಯ ಬಗ್ಗೆ ಹೇಳೋದು ಆ ಕಾಫಿಯಿಂದಲೇ ಶುರುವಾಗುತ್ತೆ.

ಮಾರನೇ ದಿನದಿಂದ ಕಾರಣ ಹುಡುಕೋ ಕೆಲಸ ಶುರುವಾಯ್ತು. ಮೊದಲು ಬಂದದ್ದು ನಗೆ. ಇಷ್ಟು ಹಿಮಕ್ಕೆ ಇಷ್ಟು ಗೋಳಾ, ದಕ್ಷಿಣದವರಿಗೆ ಹಿಮದಲ್ಲಿ ಗಾಡಿ ಓಡಿಸೋಕೆ ಬರಲ್ಲ ಅಂತ ಉತ್ತರದ ಊರಿನವರು ನಕ್ಕರು. ಎರಡನೇದು ಮುನ್ಸೂಚನೆಯ ಮೇಲಿನ ತಕರಾರು. ಅದು ನಿಲ್ಲಲಿಲ್ಲ, ಯಾಕೆ ಅಂದರೆ ಎಚ್ಚರಿಕೆ ಹಿಮಕ್ಕಿಂತ ಮುಂಚೆ ಬಂದಿತ್ತು. ಮೂರನೇದು, ಎಲ್ಲರನ್ನೂ ಒಟ್ಟಿಗೆ ಬಿಟ್ಟದ್ದು. ಇದನ್ನ ಮೇಯರ್ ಕಸೀಮ್ ರೀಡ್ ತಪ್ಪು ಅಂತ ಒಪ್ಪಿಕೊಂಡರು, ಜಾರ್ಜಿಯಾ ರಾಜ್ಯದ ಗವರ್ನರ್ ನೇಥನ್ ಡೀಲ್ ಕ್ಷಮೆ ಕೇಳಿದರು. ಮೂರನೇ ಕಾರಣ ನಿಜ. ಆದರೆ ಚರಿತ್ರೆ ಓದೋರಿಗೆ ಅದು ಸಾಲದು. ಇದೇ ಊರಲ್ಲಿ 1982ರ ಜನವರಿ 12ರಂದು, ಅದೂ ಒಂದು ಮಂಗಳವಾರ, ಮಧ್ಯಾಹ್ನ ಹಿಮ ಶುರುವಾಗಿ, ಜನ ಒಟ್ಟಿಗೆ ಹೊರಟು, ಕಾರುಗಳನ್ನ ದಾರಿಯಲ್ಲೇ ಬಿಟ್ಟು ನಡೆದಿದ್ದರು. 'ಸ್ನೋ ಜಾಮ್' ಅಂತ ಅದಕ್ಕೆ ಹೆಸರೂ ಬಂದಿತ್ತು. ಮೂವತ್ತೆರಡು ವರ್ಷದ ಅಂತರದಲ್ಲಿ ಒಂದೇ ಕತೆ ಮತ್ತೆ ನಡೆದರೆ ಅದನ್ನ ಒಂದು ಮಧ್ಯಾಹ್ನದ ತಪ್ಪು ಅಂತ ಮುಗಿಸೋಕಾಗಲ್ಲ.

ಹಾಗಾದರೆ ಪ್ರಶ್ನೆ ಹೀಗೆ ಕೇಳಬೇಕು: ಅಷ್ಟು ಜನ ಕೆಲಸಕ್ಕೂ ಮನೆಗೂ ನಡುವೆ ಅಷ್ಟು ದೂರ ಯಾಕಿದ್ದರು? ಎಲ್ಲರೂ ಕಾರಿನಲ್ಲೇ ಯಾಕಿದ್ದರು?

ಅಟ್ಲಾಂಟಾ ಅಂತ ನಾವು ಕರೆಯೋದು ಒಂದು ಊರಲ್ಲ. 2010ರ ಜನಗಣತಿ ಪ್ರಕಾರ ಅಟ್ಲಾಂಟಾ ನಗರದ ಜನಸಂಖ್ಯೆ 4,20,003. ಸುತ್ತಲ ಮಹಾನಗರ ಪ್ರದೇಶದ್ದು ಐವತ್ತು ಲಕ್ಷ ದಾಟುತ್ತೆ. ಅಂದರೆ ಅಟ್ಲಾಂಟಾದವರು ಅಂತ ಹೇಳಿಕೊಳ್ಳೋ ಹನ್ನೆರಡು ಮಂದಿಯಲ್ಲಿ ಒಬ್ಬರು ಮಾತ್ರ ಆ ನಗರದ ಮೇಯರಿಗೆ ಓಟು ಹಾಕೋರು. ಉಳಿದವರು ಇಪ್ಪತ್ತಕ್ಕೂ ಹೆಚ್ಚು ಕೌಂಟಿಗಳಲ್ಲಿ, ಅವುಗಳೊಳಗಿನ ಸಣ್ಣಪುಟ್ಟ ನಗರಸಭೆಗಳಲ್ಲಿ ಹಂಚಿಹೋಗಿದ್ದಾರೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ತಾಲೂಕಿನ ಹಾಗೆ, ಆದರೆ ಅದಕ್ಕೆ ತನ್ನದೇ ಚುನಾಯಿತ ಆಡಳಿತ, ತೆರಿಗೆ, ಪೊಲೀಸು ಇರುತ್ತೆ. ಶಾಲಾ ಮಂಡಳಿ ಬೇರೆ. ಹೆದ್ದಾರಿಗಳು ರಾಜ್ಯದ ಸಾರಿಗೆ ಇಲಾಖೆಯವು, ಒಳರಸ್ತೆಗಳು ನಗರದವು ಅಥವಾ ಕೌಂಟಿಯವು. ಆ ಮಂಗಳವಾರ ಶಾಲೆ ಬಿಡೋ ತೀರ್ಮಾನ ಒಬ್ಬರದ್ದು, ಕಚೇರಿ ಬಿಡೋ ತೀರ್ಮಾನ ಇನ್ನೊಬ್ಬರದ್ದು, ಐ-75ಕ್ಕೆ ಉಪ್ಪು ಹಾಕೋದು ಮತ್ತೊಬ್ಬರದ್ದು, ಹೆದ್ದಾರಿಯಿಂದ ಇಳಿದ ಮೇಲಿನ ರಸ್ತೆ ಮಗದೊಬ್ಬರದ್ದು. ಗಾಡಿಯ ಸಾಲು ಮಾತ್ರ ಒಂದೇ.

ಈ ಹಂಚಿಕೆ ತಾನಾಗಿ ಬೆಳೆದದ್ದಲ್ಲ. 1961ರಲ್ಲಿ ಅಟ್ಲಾಂಟಾದ ಬಿಳಿಯರ ಶಾಲೆಗಳಿಗೆ ಮೊದಲ ಬಾರಿ ಒಂಬತ್ತು ಜನ ಕರಿಯ ವಿದ್ಯಾರ್ಥಿಗಳು ಸೇರಿದರು. ದ್ವೇಷ ಮಾಡೋಕೆ ಪುರಸೊತ್ತಿಲ್ಲದಷ್ಟು ಕೆಲಸದಲ್ಲಿರೋ ಊರು ನಮ್ಮದು ಅಂತ ಮೇಯರ್ ವಿಲಿಯಂ ಹಾರ್ಟ್ಸ್‌ಫೀಲ್ಡ್ ಕಾಲದಿಂದ ಆ ಊರು ಹೆಮ್ಮೆಪಡುತ್ತಿತ್ತು. ಆದರೆ ಮುಂದಿನ ಎರಡು ದಶಕಗಳಲ್ಲಿ ಬಿಳಿಯ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನಗರ ಬಿಟ್ಟು ಸುತ್ತಲ ಕೌಂಟಿಗಳಿಗೆ ಹೋದವು. ಅವರು ದಿನಾ ನಗರಕ್ಕೆ ಬಂದುಹೋಗೋಕೆ ಹೆದ್ದಾರಿಗಳಾದವು. ಐ-75 ಮತ್ತು ಐ-85 ಒಂದಾಗಿ ನಗರದ ಮಧ್ಯೆ ಹಾಯೋ ದಾರಿಯನ್ನ ಆಬರ್ನ್ ಅವೆನ್ಯೂವನ್ನ ಸೀಳಿಕೊಂಡು ಕಟ್ಟಿದರು. ಅದು ಕರಿಯರ ಅಂಗಡಿ, ಚರ್ಚು, ಬ್ಯಾಂಕುಗಳ ಬೀದಿ. ಮಾರ್ಟಿನ್ ಲೂಥರ್ ಕಿಂಗ್ 1929ರಲ್ಲಿ ಹುಟ್ಟಿದ್ದು ಅದೇ ಬೀದಿಯಲ್ಲಿ.

ರೈಲಿನ ಕತೆ ಇದಕ್ಕಿಂತ ಸ್ಪಷ್ಟ. ನಗರ ಮತ್ತು ಸುತ್ತಲ ಐದು ಕೌಂಟಿಗಳಿಗೆ ಒಂದೇ ಸಾರಿಗೆ ವ್ಯವಸ್ಥೆ ಬೇಕು ಅಂತ 1965ರಲ್ಲಿ 'ಮಾರ್ಟಾ' ಸಂಸ್ಥೆಯ ಪ್ರಸ್ತಾಪ ಜನರ ಮುಂದೆ ಓಟಿಗೆ ಬಂತು. ಕಾಬ್ ಕೌಂಟಿ ಆಗಲೇ ಬೇಡ ಅಂತು. 1971ರಲ್ಲಿ ತೆರಿಗೆಯ ಪ್ರಶ್ನೆ ಮತ್ತೆ ಓಟಿಗೆ ಬಂದಾಗ ಫುಲ್ಟನ್ ಮತ್ತು ಡಿಕಾಬ್ ಕೌಂಟಿಗಳು ಒಪ್ಪಿದವು, ಕ್ಲೇಟನ್ ಮತ್ತು ಗ್ವಿನೆಟ್ ತಿರಸ್ಕರಿಸಿದವು. ತೆರಿಗೆ ಜಾಸ್ತಿ ಅನ್ನೋ ಮಾತೂ ಇತ್ತು. ಆದರೆ ರೈಲು ಬಂದರೆ ನಗರದ ಕರಿಯ ಜನ ನಮ್ಮ ಕಡೆ ಬರ್ತಾರೆ ಅನ್ನೋ ಭಯ ಆ ಓಟುಗಳ ಹಿಂದೆ ಇತ್ತು ಅನ್ನೋದನ್ನ ಆ ಊರಿನ ಚರಿತ್ರೆಕಾರರು ಮುಚ್ಚಿಡೋದಿಲ್ಲ. 1979ರಲ್ಲಿ ರೈಲು ಓಡೋಕೆ ಶುರುವಾದಾಗ ಅದು ಆ ಎರಡು ಕೌಂಟಿಗಳ ಗಡಿಯೊಳಗೇ ನಿಂತಿತು. 2014ರ ಆ ರಾತ್ರಿ ಬಸ್ಸುಗಳು ನಿಂತರೂ ಹಳಿಯ ಮೇಲೆ ಮಾರ್ಟಾ ರೈಲು ಓಡುತ್ತಿತ್ತು. ಅಣ್ಣನ ಕಚೇರಿಯ ಹತ್ತಿರವೇ ಸ್ಟೇಷನ್ ಇತ್ತು. ಅವನ ಮನೆ ಇದ್ದದ್ದು ಕಾಬ್ ಕೌಂಟಿಯಲ್ಲಿ.

ಅಣ್ಣನಿಗೆ 1965ರ ಓಟಿನ ವಿಷಯ ಗೊತ್ತಿರಲಿಲ್ಲ. ಒಳ್ಳೆ ಶಾಲೆ ಇದೆ ಅಂತ ಅಲ್ಲಿ ಮನೆ ಮಾಡಿದ್ದ. ಅವನು ಹುಟ್ಟೋಕೂ ಮುಂಚೆ, ಅವನನ್ನ ಯಾವತ್ತೂ ಕಾಣದ ಜನ ಹಾಕಿದ ಓಟು ಅವನನ್ನ ಹದಿನಾರು ಗಂಟೆ ರಸ್ತೆಯಲ್ಲಿ ಕೂರಿಸಿತು.

ಇದು ಬರೀ ನನ್ನ ಊಹೆಯಾ? ಪರೀಕ್ಷೆ ಮಾಡೋಕೆ ಒಂದು ಅವಕಾಶ ಎರಡೇ ವಾರದಲ್ಲಿ ಬಂತು. 2014ರ ಫೆಬ್ರವರಿ 11ರಿಂದ 13ರವರೆಗೆ ಅದೇ ಜಾರ್ಜಿಯಾದಲ್ಲಿ ನಿಜವಾದ ಐಸ್ ಸ್ಟಾರ್ಮ್ ಬಂತು. ಮಳೆಯೇ ಗಡ್ಡೆಯಾಗಿ ಮರದ ಕೊಂಬೆ, ತಂತಿಗಳಿಗೆ ಅಂಟಿತು, ಲಕ್ಷಾಂತರ ಮನೆಗಳಿಗೆ ಕರೆಂಟು ಹೋಯ್ತು. ಹವಾಮಾನದ ಲೆಕ್ಕದಲ್ಲಿ ಇದು ಹೆಚ್ಚು ಘೋರ. ಆದರೆ ಅಟ್ಲಾಂಟಾದ ಹೆದ್ದಾರಿಗಳು ಖಾಲಿ ಇದ್ದವು. ಗವರ್ನರ್ ಮುಂಚೆಯೇ ತುರ್ತುಸ್ಥಿತಿ ಘೋಷಿಸಿದ್ದರು, ಶಾಲೆ ಕಚೇರಿ ಮುಚ್ಚಿದ್ದವು, ಜನ ಮನೆಯಲ್ಲೇ ಇದ್ದರು. ಅದೇ ವಾಹನ ಚಾಲಕರು, ಅದೇ ರಸ್ತೆ, ಹೆಚ್ಚಿನ ಗಡ್ಡೆ, ಆದರೂ ಜಾಮ್ ಇಲ್ಲ. ಹಿಮದಲ್ಲಿ ಓಡಿಸೋಕೆ ಬರಲ್ಲ ಅನ್ನೋ ನಗೆ ಅಲ್ಲಿಗೆ ಸುಳ್ಳಾಯ್ತು. ಆದರೆ ಅದೇ ಬಿರುಗಾಳಿ ಫೆಬ್ರವರಿ 12ರಂದು ಉತ್ತರ ಕೆರೊಲಿನಾದ ರಾಲಿ ನಗರ ಮುಟ್ಟಿದಾಗ ಅಲ್ಲಿ ಮತ್ತೆ ಜನ ಮಧ್ಯಾಹ್ನ ಒಟ್ಟಿಗೆ ಹೊರಟು, ಕಾರುಗಳನ್ನ ರಸ್ತೆಯಲ್ಲೇ ಬಿಟ್ಟು ನಡೆದರು. ಅಟ್ಲಾಂಟಾದ ಚಿತ್ರಗಳನ್ನ ಹದಿನೈದು ದಿನದ ಹಿಂದೆ ಟೀವಿಯಲ್ಲಿ ನೋಡಿದ್ದ ಊರು ಅದು.

ಎಚ್ಚರಿಕೆಯಿಂದ ಒಂದು ರಾತ್ರಿಯನ್ನ ತಪ್ಪಿಸಬಹುದು ಅನ್ನೋದು ಫೆಬ್ರವರಿಯ ಪಾಠ. ಆದರೆ ಎಲ್ಲರೂ ಮನೆಯಲ್ಲೇ ಕೂತರೆ ಮಾತ್ರ ಸರಿಯಿರೋ ವ್ಯವಸ್ಥೆಯನ್ನ ಸರಿಯಿದೆ ಅನ್ನೋಕಾಗಲ್ಲ. ಗಡಿಗಳ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಒಂದು ಸಣ್ಣ ಉತ್ತರ ಅದೇ ವರ್ಷ ನವೆಂಬರಿನಲ್ಲಿ ಬಂತು. 1971ರಲ್ಲಿ ಬೇಡ ಅಂದಿದ್ದ ಕ್ಲೇಟನ್ ಕೌಂಟಿ ಮಾರ್ಟಾ ಸೇರೋಕೆ ಓಟು ಹಾಕಿತು. ನಲವತ್ತಮೂರು ವರ್ಷ ಹಿಡಿಯಿತು.

ಈಗ ನಮ್ಮ ಕಡೆಗೆ ಬರ್ತೀನಿ. ತಾಳವಾಡಿ ಇರೋದು ಮೈಸೂರು ಸೀಮೆಯ ಮಟ್ಟದಲ್ಲಿ, ಬೆಟ್ಟದ ಮೇಲೆ. ನಮ್ಮ ಗಾಳಿ, ಬೆಳೆ, ಮಾತು, ಸಂಬಂಧ ಎಲ್ಲ ಚಾಮರಾಜನಗರದ ಕಡೆಯವು. 1956ರಲ್ಲಿ ರಾಜ್ಯಗಳ ಗಡಿ ಬರೆದಾಗ ನಾವು ಮದ್ರಾಸಿನಲ್ಲೇ ಉಳಿದೆವು. ಚಾಮರಾಜನಗರಕ್ಕೆ ಘಾಟಿ ಇಲ್ಲದ ದಾರಿ. ನಮ್ಮ ಕಡತಗಳು ಮಾತ್ರ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು, ಬಣ್ಣಾರಿ ದಾಟಿ, ಸತ್ಯಮಂಗಲಕ್ಕೆ, ಅಲ್ಲಿಂದ ಈರೋಡಿಗೆ ಹೋಗಬೇಕು.

2018ರಲ್ಲಿ ಪ್ಲಸ್ ಟು ಮುಗಿಸಿ ಕಾಲೇಜಿಗೆ ಅಂತ ಒಂದು ಸರ್ಟಿಫಿಕೇಟಿಗೆ ಘಾಟಿ ಕೆಳಗಿನ ಒಂದು ಕಚೇರಿಗೆ ಅಪ್ಪನ ಜೊತೆ ಹೊರಟಿದ್ದೆ. ಕಲ್ಲು ತುಂಬಿದ ಲಾರಿಯೊಂದು ತಿರುವಿನಲ್ಲಿ ಕೂತುಬಿಟ್ಟಿತ್ತು. ಕೆಳಗಿನಿಂದ ಕ್ರೇನ್ ಹೊರಟಿತ್ತು, ಆದರೆ ಎರಡೂ ಕಡೆ ಗಾಡಿಗಳು ಸಂದಿಲ್ಲದ ಹಾಗೆ ತುಂಬಿ ಕ್ರೇನಿಗೇ ದಾರಿಯಿರಲಿಲ್ಲ. ಐದು ಗಂಟೆ ನಿಂತೆವು. ನಮ್ಮ ಹಿಂದೆ ಕಬ್ಬಿನ ಲಾರಿ, ಕೋಸು ತುಂಬಿದ ವ್ಯಾನು, ಒಂದು ಆಂಬುಲೆನ್ಸ್. ಆಂಬುಲೆನ್ಸಿನ ಸೈರನ್ ಮೊದಲ ಅರ್ಧ ಗಂಟೆ ಕೂಗಿ ಆಮೇಲೆ ಸುಮ್ಮನಾಯ್ತು. ಒಳಗಿದ್ದವರನ್ನ ಇಳಿಸಿಕೊಂಡು ಮೇಲಕ್ಕೇ ವಾಪಸ್ ಕರಕೊಂಡು ಹೋದರು. ಆಮೇಲೆ ಏನಾಯ್ತೋ ನಮಗೆ ತಿಳಿಯಲಿಲ್ಲ. ನಾವು ಕಚೇರಿ ಮುಟ್ಟೋ ಹೊತ್ತಿಗೆ ಬಾಗಿಲು ಹಾಕುತ್ತಿದ್ದರು. "ನಿನ್ನೆಯೇ ಹೊರಟು ಬರಬೇಕಿತ್ತು" ಅಂದರು, ತಮಿಳಿನಲ್ಲಿ. ಅಪ್ಪ ಕೈಮುಗಿದರು. ಆ ವರ್ಷ ನಾನು ಬಯಸಿದ ಕಾಲೇಜು ಸಿಗಲಿಲ್ಲ.

"ನಿನ್ನೆಯೇ ಬರಬೇಕಿತ್ತು" ಮತ್ತು "ಹಿಮದಲ್ಲಿ ಓಡಿಸೋಕೆ ಬರಲ್ಲ" ಈ ಎರಡೂ ಮಾತು ಒಂದೇ ಜಾತಿಯವು ಅಂತ ನನಗೆ ಹೊಳೆದದ್ದು ಅಟ್ಲಾಂಟಾದ ಬಗ್ಗೆ ಓದುವಾಗ. ಎರಡೂ ರಸ್ತೆಯಲ್ಲಿ ಸಿಕ್ಕಿಕೊಂಡವರ ಮೇಲೆ ತಪ್ಪು ಹೊರಿಸುತ್ತವೆ. ಊರು ಎಲ್ಲಿ, ಕಚೇರಿ ಎಲ್ಲಿ, ನಡುವಿನ ದಾರಿ ಯಾರದ್ದು ಅಂತ ಎಷ್ಟೋ ವರ್ಷದ ಹಿಂದೆ ತೀರ್ಮಾನ ಮಾಡಿದವರ ಹೆಸರು ಆ ಮಾತುಗಳಲ್ಲಿ ಬರಲ್ಲ.

ಹಾಗಂತ ಎರಡನ್ನೂ ಒಂದೇ ಅನ್ನೋದು ಸರಿಯಲ್ಲ. ಕಾಬ್ ಮತ್ತು ಗ್ವಿನೆಟ್ಟಿನ ಜನ ತಮ್ಮ ಗಡಿಯನ್ನ ತಾವೇ ಓಟು ಹಾಕಿ ಗಟ್ಟಿಮಾಡಿಕೊಂಡರು, ಬೇರೆಯವರು ಬರಬಾರದು ಅಂತ. ನಮ್ಮ ಗಡಿಯ ಬಗ್ಗೆ ನಮ್ಮನ್ನ ಯಾರೂ ಓಟು ಕೇಳಲಿಲ್ಲ. ಅಲ್ಲಿ ಮೊದಲು ನಷ್ಟವಾದದ್ದು ರೈಲು ಸಿಗದ, ಕಾರೂ ಇಲ್ಲದ ಬಡ ಕರಿಯರಿಗೆ, ಪ್ರತಿದಿನವೂ. ಹಿಮ ಬಿದ್ದ ದಿನ ಮಾತ್ರ ಆ ನಷ್ಟ ಕಾರಿನವರ ಪಾಲಿಗೂ ಬಂತು, ಆಗ ಸುದ್ದಿಯಾಯ್ತು. ಗಡಿನಾಡಿನ ನಾವು ನಮ್ಮ ಕತೆಯನ್ನ ಬರೆಯುವಾಗ ಈ ವ್ಯತ್ಯಾಸ ನೆನಪಿಟ್ಟುಕೊಳ್ಳಬೇಕು ಅನ್ನಿಸುತ್ತೆ. ಗಡಿಯಿಂದ ನೋವಾಯ್ತು ಅಂದರೆ ಸಾಲದು. ಗಡಿ ಬರೆದವರು ಯಾರು, ಅದರಿಂದ ಯಾರಿಗೆ ಅನುಕೂಲ, ನಮ್ಮ ಊರಿನೊಳಗೇ ನಾವು ಯಾರ ದಾರಿಗೆ ಬೇಡ ಅಂತ ಓಟು ಹಾಕಿದ್ದೀವಿ ಅನ್ನೋದನ್ನೂ ಕೇಳಬೇಕು.

ಅಜ್ಜಿ ಈಗಿಲ್ಲ. ಇದ್ದಿದ್ದರೆ ಅವಳ ಪ್ರಶ್ನೆಗೆ ಈಗ ಉತ್ತರ ಹೇಳಬಹುದಿತ್ತು. ಹೂಂ ಅಜ್ಜಿ, ಅಲ್ಲೂ ಘಾಟಿ ಇತ್ತು. ಓಟು ಹಾಕಿ ಕಟ್ಟಿಕೊಂಡ ಘಾಟಿ, ಹಿಮ ಬೀಳೋವರೆಗೂ ಅಣ್ಣನ ಕಣ್ಣಿಗೆ ಬಿದ್ದಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸ್ತೀನಿ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ. ನೀಲಗಿರಿ, ವಯನಾಡಿನ ಗೆಳೆಯರು ತಮ್ಮ ಘಾಟಿಗಳ ಬಗ್ಗೆ ಹೇಳಿದರೆ ನನಗೆ ಉಪಕಾರವಾಗುತ್ತೆ.